ರಕ್ತದಲ್ಲಿ ಮಿಂದ ಗಂಟು

ಅರೆತಿಳಿದ ಒಗಟು

ರಕ್ತದಲ್ಲಿ ಕೆಂಪು ಕಣಗಳಲ್ಲದೆ ಬಿಳಿಯ ಕಣಗಳೂ ಉಂಟೆಂಬುದನ್ನೂ, ಹೊರಗಿನಿಂದ ನುಗ್ಗಿದ ರೋಗಾಣುಗಳನ್ನು ಹುಡುಕಿ ಕೊಲ್ಲುವ ಕಾರ್ಯವು ಅವುಗಳದೆಂಬುದನ್ನೂ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬನೂ ಬಲ್ಲನು. ಅವೇ ಕಣಗಳು ಶರೀರದೊಳಗೆಯೇ ಹುಟ್ಟಿ ದಾರಿತಪ್ಪಿದ ಕೋಶಗಳನ್ನು, ಎಂದರೆ ಅರ್ಬುದದ ಬೀಜಗಳನ್ನು, ಗುರುತಿಸಿ ನಾಶಮಾಡಬಲ್ಲವೆಂಬ ಸಂಗತಿಯೂ ವೃತ್ತಪತ್ರಿಕೆಗಳ ಮೂಲಕ ಬಹುಮಟ್ಟಿಗೆ ಜನರ ಕಿವಿಗೆ ಬಿದ್ದಿದೆ. ಈ ಶಕ್ತಿಗೆ ಶರೀರವೇ ಹಾಕಿಕೊಂಡಿರುವ ತಡೆಯನ್ನು ಸಡಿಲಿಸಿ ಅರ್ಬುದದ ಮೇಲೆ ಹರಿಯಬಿಡುವ ಮಾರ್ಗವನ್ನು ತೋರಿಸಿದುದಕ್ಕಾಗಿ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಿಕವು ಸಂದಿತಷ್ಟೆ.

ಇಷ್ಟನ್ನು ತಿಳಿದವನ ಮುಂದೆ ಒಂದು ಪ್ರಶ್ನೆಯನ್ನು ಇಡಬಹುದು. ರಕ್ತದ ಹರಿವಿನಿಂದ ದೂರವಾದ ಯಾವುದೋ ಮೂಲೆಯಲ್ಲಿ ಬೆಳೆದ ಗಂಟನ್ನು ಬಿಳಿಯ ಕಣಗಳು ತಲಪದೆ ಹೋದವೆಂದರೆ ಒಪ್ಪಬಹುದು. ಆದರೆ ರಕ್ತನಾಳದ ಗೋಡೆಯಿಂದಲೇ ಹುಟ್ಟಿ, ಹಗಲಿರುಳೂ ರಕ್ತದಲ್ಲಿ ಮಿಂದಿರುವ ಗಂಟೊಂದನ್ನು, ಅದೇ ರಕ್ತದಲ್ಲಿ ಅದರ ಮೈಯನ್ನು ಸವರಿಕೊಂಡೇ ಸಾಗುವ ಬಿಳಿಯ ಕಣಗಳು ಏಕೆ ಮುಟ್ಟದೆ ಮುಂದೆ ಹೋಗುತ್ತವೆ? ಅಂಥ ಗಂಟು ಉಂಟೆ ಎಂದರೆ, ಉಂಟು. ಅತಿ ವಿರಳವಾಗಿಯಾದರೂ ಉಂಟು.

ನಾಳದ ಗೋಡೆಯ ಅರ್ಬುದಗಳು

ಶರೀರದ ಸಮಸ್ತ ರಕ್ತನಾಳಗಳ ಒಳಮೈಗೂ ಒಂದೇ ಒಂದು ಕೋಶದಷ್ಟು ದಪ್ಪದ ಲೇಪವಿದೆ. ಇದನ್ನು ನಾವು ನಾಳದೊಳಪದರ ಎನ್ನೋಣ. ಈ ಒಳಪದರದ ಕೋಶಗಳು ಅಂಕೆಮೀರಿ ಬೆಳೆದಾಗ ಹುಟ್ಟುವ ಉಗ್ರ ವ್ಯಾಧಿಗೆ ವೈದ್ಯರು ಆಂಜಿಯೋಸಾರ್ಕೋಮ ಎನ್ನುತ್ತಾರೆ. ಮಾಂಸ, ಕೊಬ್ಬು, ನರ, ನಾಳ ಮೊದಲಾದ ಮೃದು ಭಾಗಗಳಲ್ಲಿ ಹುಟ್ಟುವ ಅರ್ಬುದಗಳೇ ಅಪರೂಪ. ಅವುಗಳಲ್ಲಿಯೂ ಇದರ ಪಾಲು ನೂರಕ್ಕೆ ಒಂದೋ ಎರಡೋ. ನೆತ್ತಿಯ ಚರ್ಮ, ಸ್ತನ, ಯಕೃತ್ತು, ಗುಲ್ಮ, ಹೃದಯ ಇವು ಅದರ ಆವಾಸಗಳು. ನೆತ್ತಿಯ ಮೇಲೆ ಅದು ಮೊದಲು ಕಾಣಿಸಿಕೊಳ್ಳುವುದು ಪೆಟ್ಟುಬಿದ್ದು ಕಂದಿದ ಕಲೆಯಂತೆ. ಪೆಟ್ಟು ಯಾವಾಗ ಬಿತ್ತೆಂದು ನೆನಪಿಸಿಕೊಳ್ಳುವುದರಲ್ಲಿಯೇ ತಿಂಗಳುಗಳು ಕಳೆಯುವುದುಂಟು. ಯಕೃತ್ತಿನಲ್ಲಿ ಅದು ಹುಟ್ಟುವುದಕ್ಕೆ ಪ್ಲಾಸ್ಟಿಕ್ಕಿನ ಮೂಲದ್ರವ್ಯವಾದ ವಿನೈಲ್ ಕ್ಲೋರೈಡ್ ಅನಿಲವು ಕಾರಣವಾಗಬಹುದೆಂಬುದು 1974ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಕಾರ್ಖಾನೆಯೊಂದರ ಕಾರ್ಮಿಕರಿಂದ ಹೊರಬಿತ್ತು. (ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಸೇಡಂಗಳ ಓದುಗರು ತಮ್ಮೂರಿನ ಸಿಮೆಂಟಿನ ಧೂಳನ್ನು ನೆನೆದು ಇಲ್ಲಿ ಬೆಚ್ಚಬೇಕಾಗಿಲ್ಲ, ಶ್ವಾಸಕೋಶಕ್ಕೆ ಧೂಳು ಮಾಡುವ ಹಾನಿ ಬೇರೆಯೇ ಒಂದು ಅಧ್ಯಾಯ, ಈ ವ್ಯಾಧಿಯ ಕಾರಣಗಳ ಪಟ್ಟಿಯಲ್ಲಿ ಅದು ಸೇರಿಲ್ಲ.)

ಇದೇ ಕುಲಕ್ಕೆ ಸೇರಿದ ಇನ್ನೊಂದು ವ್ಯಾಧಿಯನ್ನು ವಿಯೆನ್ನಾದ ಮೊರಿಟ್ಸ್ ಕಪೋಸಿಯು 1872ರಲ್ಲಿ ವರ್ಣಿಸಿದನು. ಅದರ ಹಿಂದೆ ಒಂದು ವೈರಸ್ ಇದೆಯೆಂಬುದನ್ನು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗಳು 1994ರಲ್ಲಿ ತೋರಿಸಿದರು. ಕಪೋಸಿ ವ್ಯಾಧಿಯು ನಮ್ಮ ವಿಚಾರಕ್ಕೆ ಬಹಳ ಬೆಲೆಯುಳ್ಳ ಸಾಕ್ಷಿ. ಎಚ್.ಐ.ವಿ.ಯಿಂದ ಪ್ರತಿರಕ್ಷಾಶಕ್ತಿ ಕುಗ್ಗಿದವರಲ್ಲಿಯೂ, ಬದಲಿ ಮೂತ್ರಪಿಂಡವು ತಿರಸ್ಕೃತವಾಗದಿರಲೆಂದು ಆ ಶಕ್ತಿಯನ್ನು ಔಷಧದಿಂದ ಅದುಮಿಟ್ಟವರಲ್ಲಿಯೂ ಅದು ತಲೆಯೆತ್ತುತ್ತದೆ; ಎಚ್.ಐ.ವಿ.ಗೆ ಚಿಕಿತ್ಸೆ ಕೊಟ್ಟು ಶಕ್ತಿಯನ್ನು ಮರಳಿಸಿದರೆ, ಅಥವಾ ಅದುಮುವ ಔಷಧವನ್ನು ಬದಲಿಸಿದರೆ, ಅರ್ಬುದಕ್ಕೆಂದು ಬೇರೆ ಮದ್ದನ್ನೇ ಕೊಡದಿದ್ದರೂ ಎಷ್ಟೋ ವೇಳೆ ಕಲೆಗಳು ಕರಗಿಹೋಗುತ್ತವೆ. ಎಂದಮೇಲೆ ನಾಳದ ಅರ್ಬುದಗಳನ್ನು ಬಿಳಿಯ ಕಣಗಳು ಮೂಲತಃ ಗುರುತಿಸಲಾರವು ಎಂಬ ಉತ್ತರ ನಿಲ್ಲುವಂತಿಲ್ಲ. ಗುರುತಿಸಬಲ್ಲವು, ಕೊಲ್ಲಲೂ ಬಲ್ಲವು, ತೊಡಕಿರುವುದು ಬೇರೆಡೆಯಲ್ಲಿ.

ಗಾಡಿ ನಿಲ್ಲುವ ಬಗೆ

ರಕ್ತದಲ್ಲಿರುವುದು ಬೇರೆ, ರಕ್ತದಿಂದ ಇಳಿಯುವುದು ಬೇರೆ. ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳಲು ಕಲಬುರಗಿ ಜಿಲ್ಲೆಯ ರೈಲುದಾರಿಗಿಂತ ಒಳ್ಳೆಯ ಉಪಮಾನವನ್ನು ನಾನು ಕಾಣೆ. ಮುಂಬಯಿಯ ಕಡೆಯಿಂದ ಬರುವ ಹಳಿ ಕಲಬುರಗಿಯನ್ನು ಬಿಟ್ಟು ಶಹಾಬಾದವನ್ನು ದಾಟಿ ವಾಡಿಗೆ ಬರುತ್ತದೆ. ಅಲ್ಲಿಂದ ಒಂದು ಶಾಖೆ ಯಾದಗಿರಿ ರಾಯಚೂರುಗಳ ಕಡೆಗೆ ಇಳಿದರೆ, ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಮತ್ತೊಂದು ಶಾಖೆ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುತ್ತದೆ. ಇದೇ ಜಿಲ್ಲೆಯ ಚಿಂಚೋಳಿಗೆ ಹಳಿಯೇ ಇಲ್ಲ. ಈಗ, ಚಿತ್ತಾಪುರದಲ್ಲಿ ಕೆಲಸವಿರುವ ಮನುಷ್ಯನೊಬ್ಬನು ವೇಗದ ಗಾಡಿಯಲ್ಲಿ ಕುಳಿತಿದ್ದಾನೆಂದು ಭಾವಿಸಿರಿ. ಗಾಡಿ ಚಿತ್ತಾಪುರದ ನಿಲ್ದಾಣವನ್ನು ಸವರಿಕೊಂಡೇ ಹೋಗುತ್ತದೆ. ಆದರೆ ನಿಲ್ದಾಣದವರು ಕೈಮರವನ್ನು ಎತ್ತದೆ, ಗಾಡಿ ನಿಧಾನಿಸದೆ, ನಿಲ್ಲದೆ, ಹೊರಬಾಗಿಲು ತೆರೆಯದೆ, ಅವನು ಊರನ್ನು ಸೇರುವಂತಿಲ್ಲ. ಬಿಳಿಯ ಕಣದ ಅವಸ್ಥೆಯೂ ಇದೇ.

ಈ ಇಳಿಯುವಿಕೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮುಖ್ಯನಾದವನು ಜರ್ಮನಿಯ ಯೂಲಿಯಸ್ ಕೋನ್‌ಹೈಮ್. ಕಪ್ಪೆಯ ಕರುಳಿಗೆ ಹೊಂದಿಕೊಂಡ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ನೋಡಿದ ಅವನು, ಊತ ಬಂದೆಡೆಯಲ್ಲಿ ಬಿಳಿಯ ಕಣಗಳು ನಡುಹರಿವನ್ನು ಬಿಟ್ಟು ಗೋಡೆಯ ಕಡೆಗೆ ಸರಿದು, ಅಂಟಿಕೊಂಡು, ಒಡೆಯದ ಗೋಡೆಯ ಮೂಲಕವೇ ನುಸುಳಿ ಹೊರಬರುವುದನ್ನು 1867ರಲ್ಲಿ ಪ್ರಕಟಿಸಿದನು. ಅದರ ಒಳಮರ್ಮ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಗಾಯಗೊಂಡ ಅಥವಾ ಸೋಂಕಿದ ಅಂಗಾಂಶವು ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಡಿಸಿದೊಡನೆ, ಸಮೀಪದ ನಾಳದೊಳಪದರದ ಕೋಶಗಳು ತಮ್ಮ ಮೈಮೇಲೆ ಸೆಲೆಕ್ಟಿನ್ ಎಂಬ ಕೊಕ್ಕೆಗಳನ್ನು ಮೊದಲು ಎಬ್ಬಿಸುತ್ತವೆ. ಅವುಗಳಿಗೆ ತಗುಲಿದ ಬಿಳಿಯ ಕಣವು ವೇಗ ಕಳೆದುಕೊಂಡು ಗೋಡೆಯ ಮೇಲೆ ಉರುಳತೊಡಗುತ್ತದೆ. ಅನಂತರ ಬಲವಾದ ಬೇರೊಂದು ಬಗೆಯ ಹಿಡಿಕೆಗಳು ಅದನ್ನು ಪೂರ್ತಿಯಾಗಿ ನಿಲ್ಲಿಸುತ್ತವೆ. ಕೊನೆಗೆ, ಒಂದಕ್ಕೊಂದು ಒತ್ತಿಕೊಂಡಿದ್ದ ಎರಡು ಒಳಪದರದ ಕೋಶಗಳು ತುಸುವೇ ಸರಿದು ಸಂದು ಬಿಡುತ್ತವೆ. ಕಣವು ತನ್ನನ್ನು ತಾನು ಹಿಂಡಿಕೊಂಡು ಆ ಸಂದಿನಿಂದ ಹೊರಗಿನ ಅಂಗಾಂಶಕ್ಕೆ ದಾಟುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಅನುಮತಿ ನೀಡುವವರು ನಿಲ್ದಾಣದವರೇ, ಎಂದರೆ ನಾಳದೊಳಪದರದ ಕೋಶಗಳೇ.

ಸಾಮಾನ್ಯ ಅರ್ಬುದಗಳು ಕೂಡ ಈ ಮರ್ಮವನ್ನು ಅರಿತಂತೆ ನಡೆದುಕೊಳ್ಳುತ್ತವೆ. ತಮ್ಮ ಪೋಷಣೆಗೆಂದು ಹೊಸ ನಾಳಗಳನ್ನು ಎಳೆದುಕೊಳ್ಳಲು ಅವು ಸ್ರವಿಸುವ ನಾಳವರ್ಧಕ ದ್ರವ್ಯವೇ ಆ ನಾಳಗಳ ಹಿಡಿಕೆಗಳನ್ನು ಕಡಿಮೆಮಾಡುತ್ತದೆಂಬುದನ್ನು ನೆದರ್ಲೆಂಡ್ಸಿನ ಆರ್ಯನ್ ಗ್ರಿಫಿಯೋನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಅಲ್ಲಿ ನಿಲ್ದಾಣದವರು ಒಳ್ಳೆಯವರೇ, ಊರಿನ ದುಷ್ಟರು ಅವರ ಕೈಕಟ್ಟಿಸಿದ್ದಾರೆ. ಆಂಜಿಯೋಸಾರ್ಕೋಮದಲ್ಲಿಯಾದರೋ ದುಷ್ಟರೇ ನಿಲ್ದಾಣದವರು. ಹಳಿಗಳನ್ನು ಮನಬಂದಂತೆ ಹಾಸಿ, ಎಲ್ಲಿಗೂ ಮುಟ್ಟಿಸದೆ ಕೊನೆಗೊಳಿಸಿ, ಕಟ್ಟೆಯೊಡೆದು ರಕ್ತ ಸೋರುವಂತೆ ಮಾಡಿ, ಕೈಮರವನ್ನು ಮಾತ್ರ ತಮ್ಮ ಇಚ್ಛೆಗೆ ಬಿಟ್ಟುಕೊಂಡ ನಿಲ್ದಾಣವದು. ಈ ಕುಲದ ಅರ್ಬುದಗಳ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ: ಇಲ್ಲಿ ರೋಗವು ಬಾಗಿಲಿನ ಆಚೆ ಅಡಗಿಕೊಂಡಿಲ್ಲ, ಬಾಗಿಲೇ ರೋಗವಾಗಿದೆ.

ಇದಕ್ಕೆ ಪ್ರಯೋಗಶಾಲೆಯ ನಿತ್ಯಕರ್ಮದಲ್ಲಿಯೇ ಒಂದು ವಿಚಿತ್ರ ನಿದರ್ಶನವುಂಟು. ಸಂದೇಹಾಸ್ಪದವಾದ ಗಂಟಿನ ತುಣುಕು ನಾಳಮೂಲದ್ದೋ ಅಲ್ಲವೋ ಎಂಬುದನ್ನು ನಿಶ್ಚಯಿಸಲು ರೋಗಶಾಸ್ತ್ರಜ್ಞನು ಸಿಡಿ-31 ಎಂಬ ಪ್ರೋಟೀನಿಗೆ ಬಣ್ಣ ಹಾಕಿ ನೋಡುತ್ತಾನೆ. ಬಣ್ಣ ಹಿಡಿಯಿತೆಂದರೆ ನಾಳದ ಕುಲ ಬಹುಮಟ್ಟಿಗೆ ಖಚಿತ. ಈ ಸಿಡಿ-31 ಸ್ವಸ್ಥ ಶರೀರದಲ್ಲಿ ಮಾಡುವ ಕೆಲಸಗಳಲ್ಲೊಂದು, ಎರಡು ಕೋಶಗಳ ಸಂದಿನಲ್ಲಿದ್ದು ಬಿಳಿಯ ಕಣವನ್ನು ಕೈಹಿಡಿದು ದಾಟಿಸುವುದು. ವೈದ್ಯನು ಯಾವುದನ್ನು ರೋಗದ ಮುದ್ರೆಯೆಂದು ವರದಿಯಲ್ಲಿ ಬರೆಯುತ್ತಾನೋ ಅದು ಕೆಟ್ಟ ಬಾಗಿಲಿನ ಹಳೆಯ ಚಿಲಕ.

ಹಿಂದಿರುಗುವ ದಾರಿ, ಮತ್ತು ಆನೆಕಾಲು

ಹೋಗುವ ಹಳಿಯನ್ನು ಕುರಿತು ಹೇಳಿದ್ದಾಯಿತು. ಹಿಂದಿರುಗುವ ಹಳಿಯೊಂದು ಬೇರೆಯೇ ಉಂಟು. ನಾಳಗಳಿಂದ ಒಸರಿದ ನೀರನ್ನೂ, ಅಂಗಾಂಶದಲ್ಲಿ ಕಂಡ ಪರಕೀಯ ವಸ್ತುವಿನ ಮಾದರಿಯನ್ನು ಹೊತ್ತ ವಾರ್ತಾವಾಹಕ ಕೋಶಗಳನ್ನೂ ಸಂಗ್ರಹಿಸಿ, ತೊಡೆಸಂದು ಕಂಕುಳು ಮೊದಲಾದೆಡೆ ಇರುವ ದುಗ್ಧಗ್ರಂಥಿಗಳಿಗೆ ಮುಟ್ಟಿಸುವ ದುಗ್ಧನಾಳಗಳೇ ಆ ಹಳಿ. ಟಿ-ಕಣಗಳೆಂಬ ಬಿಳಿಯ ಕಣಗಳು ಯಾರನ್ನು ಕೊಲ್ಲಬೇಕೆಂಬ ಪಾಠವನ್ನು ಕಲಿಯುವುದು ಆ ಗ್ರಂಥಿಗಳಲ್ಲಿ. ಸುದ್ದಿ ತಲಪದಿದ್ದರೆ ಪಾಠವಿಲ್ಲ. ಪಾಠವಿಲ್ಲದಿದ್ದರೆ ಗಾಡಿ ಹತ್ತುವವರೇ ಇಲ್ಲ.

1948ರಲ್ಲಿ ನ್ಯೂಯಾರ್ಕಿನ ಫ್ರೆಡ್ ಸ್ಟುವರ್ಟ್ ಮತ್ತು ನಾರ್ಮನ್ ಟ್ರೀವ್ಸ್ ಎಂಬ ವೈದ್ಯರು ಆರು ಮಂದಿ ಸ್ತ್ರೀಯರ ವೃತ್ತಾಂತವನ್ನು ಬರೆದರು. ಸ್ತನದ ಅರ್ಬುದಕ್ಕಾಗಿ ಶಸ್ತ್ರಚಿಕಿತ್ಸೆಯಾಗಿ, ಅದರಿಂದ ತೋಳಿನ ದುಗ್ಧಮಾರ್ಗ ಕಡಿದುಹೋಗಿ, ವರ್ಷಾನುಗಟ್ಟಲೆ ಬಾತುಕೊಂಡೇ ಇದ್ದ ತೋಳಿನ ಚರ್ಮದಲ್ಲಿ ಅವರಿಗೆಲ್ಲ ನಾಳದ ಅರ್ಬುದವು ಹೊಸದಾಗಿ ಹುಟ್ಟಿತ್ತು. ಬಾವು ಮೊದಲಾಗಿ ಅರ್ಬುದವು ತೋರುವ ವೇಳೆಗೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಕಳೆದಿರುತ್ತದೆ. ನ್ಯೂಯಾರ್ಕಿನ ತೋಳು ನಮಗೆ ದೂರವಾಯಿತೆನ್ನುವವರು ಚಿತ್ತಾಪುರ ಸೇಡಂಗಳ ಸಂತೆಯಲ್ಲಿ ಒಮ್ಮೆ ಕಣ್ಣಾಡಿಸಬಹುದು. ಕಲಬುರಗಿಯು ಕರ್ನಾಟಕದಲ್ಲಿ ಆನೆಕಾಲು ರೋಗವು ಬೇರೂರಿದ ಜಿಲ್ಲೆಗಳಲ್ಲೊಂದು. ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಕೊಳಚೆಯ ನೀರಿನಲ್ಲಿ ಬೆಳೆದು, ವುಚೆರೇರಿಯ ಎಂಬ ದಾರದಂಥ ಹುಳುವಿನ ಮರಿಯನ್ನು ಮನುಷ್ಯನಿಗೆ ದಾಟಿಸುತ್ತದೆ, ಆ ಹುಳು ವರ್ಷಗಟ್ಟಲೆ ಬಿಡಾರ ಹೂಡುವುದು ಸಾಕ್ಷಾತ್ ದುಗ್ಧನಾಳಗಳೊಳಗೆ. ನಾಳಗಳು ಹಿಗ್ಗಿ, ಅವುಗಳ ಕವಾಟಗಳು ಕೆಟ್ಟು, ಹಿಂದಿರುಗುವ ದಾರಿ ಕಟ್ಟಿಹೋಗುತ್ತದೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಎದುರಿನಲ್ಲಿಯೇ ನುಂಗಿಸುವ ಡಿ.ಇ.ಸಿ. ಮತ್ತು ಅಲ್ಬೆಂಡಜೋಲ್ ಗುಳಿಗೆಗಳು ಈ ಹುಳುವಿಗಾಗಿ.

ಆನೆಕಾಲಿನ ಮೇಲೆ ನಾಳದ ಅರ್ಬುದ ಹುಟ್ಟಿದ ಪ್ರಸಂಗಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ದಾಖಲಾಗಿವೆ. ಅವು ಎಣಿಕೆಯಲ್ಲಿ ಅತ್ಯಲ್ಪ. ಆನೆಕಾಲುಳ್ಳ ಬಹುಪಾಲು ಜನರಿಗೆ ಜೀವಮಾನದಲ್ಲಿ ಈ ಭಯವಿಲ್ಲವೆಂಬುದನ್ನು ಒತ್ತಿ ಹೇಳಲೇಬೇಕು. ಆದರೂ ವಿಜ್ಞಾನಕ್ಕೆ ಅವು ಒಂದು ಕಿಟಕಿ. ಚರ್ಮದಲ್ಲಿ ದುಗ್ಧನಾಳಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಚರ್ಮದ ಮೂಲಕ ಲಸಿಕೆ ಚುಚ್ಚಿದಾಗ ಅವುಗಳ ಪ್ರತಿರಕ್ಷೆಯು ಸೊರಗಿದುದನ್ನು ಸಂಶೋಧಕರು ಕಂಡಿದ್ದಾರೆ. ಶರೀರವೆಲ್ಲ ಸ್ವಸ್ಥವಾಗಿದ್ದು, ಒಂದು ಕಾಲು ಮಾತ್ರ ಪ್ರತಿರಕ್ಷೆಯ ಆಡಳಿತಕ್ಕೆ ಹೊರಗಾದ ಪ್ರಾಂತವಾಗಬಹುದೆಂದು ಇದರಿಂದ ತರ್ಕಿಸಬಹುದು. ಹಾಗಾದರೆ ಕೇಳಬೇಕಾದದ್ದು, ಈ ಮನುಷ್ಯನ ರಕ್ತದಲ್ಲಿ ಬಿಳಿಯ ಕಣಗಳೆಷ್ಟು ಎಂದಲ್ಲ. ಈ ಗಂಟಿನ ಸುತ್ತ ಅವು ಎಲ್ಲೆಲ್ಲಿ ನಿಂತಿವೆ ಎಂದು.

ನಕ್ಷೆ

2006ರಲ್ಲಿ ಫ್ರಾನ್ಸಿನ ಜೆರೋಮ್ ಗಾಲೊನ್ ಮತ್ತು ಸಹೋದ್ಯೋಗಿಗಳು ದೊಡ್ಡಕರುಳಿನ ಅರ್ಬುದದಲ್ಲಿ ಇದನ್ನೇ ಕೇಳಿ, ಗಂಟಿನ ನಡುವಿನಲ್ಲಿಯೂ ಅಂಚಿನಲ್ಲಿಯೂ ಇರುವ ಟಿ-ಕಣಗಳ ಬಗೆ, ಸಾಂದ್ರತೆ, ಸ್ಥಾನ ಈ ಮೂರನ್ನು ಅಳೆದರೆ ರೋಗಿಯ ಮುಂದಿನ ಗತಿಯನ್ನು ಗಂಟಿನ ಗಾತ್ರ ಹರಡಿಕೆಗಳಿಗಿಂತಲೂ ಚೆನ್ನಾಗಿ ಊಹಿಸಬಹುದೆಂದು ತೋರಿಸಿದರು. ಅಲ್ಲಿಂದೀಚೆಗೆ ಗಂಟುಗಳನ್ನು ಸ್ಥೂಲವಾಗಿ ಮೂರು ತೆರನೆಂದು ಹೇಳುವ ವಾಡಿಕೆ ಬೆಳೆದಿದೆ. ಹಿಂದಿನ ಉಪಮಾನವನ್ನೇ ಮುಂದುವರಿಸಿದರೆ, ಗಾಡಿ ನಿಂತು ಜನರು ಇಳಿದು ಊರೊಳಗೆಲ್ಲ ಹರಡಿದ ಶಹಾಬಾದ ಒಂದು. ಇಳಿದವರೆಲ್ಲ ಮುಂದಿನ ಗಾಡಿಗೆ ಕಾಯುತ್ತ ಫಲಾಟಿನ ಮೇಲೆಯೇ ಗುಂಪುಗೂಡಿ, ಊರಿನತ್ತ ಹೆಜ್ಜೆಯಿಡದ ವಾಡಿ ಇನ್ನೊಂದು. ಹಳಿಯೇ ಇಲ್ಲದ ಚಿಂಚೋಳಿ ಮತ್ತೊಂದು. ಟಿ-ಕಣಗಳನ್ನು ಒಟ್ಟಾಗಿ ಎಣಿಸಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ತೋರದು. ನಕ್ಷೆಯಲ್ಲಿ ಮಾತ್ರವೇ ತೋರುತ್ತದೆ. ಚಿಕಿತ್ಸೆಯೂ ಬೇರೆ ಬೇರೆ: ಊರೊಳಗೆ ಬಂದು ಕೈಕಟ್ಟಿ ಕುಳಿತವರಿಗೆ ತಡೆ ಸಡಿಲಿಸುವ ಔಷಧವು ಸಾಕಾದೀತು, ಬಂದೇ ಇಲ್ಲದವರಿಗೆ ಅದನ್ನು ಕೊಟ್ಟು ಏನು ಫಲ?

ನಕ್ಷೆ ಬರೆಯುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೇಣದಲ್ಲಿ ಹುದುಗಿಸಿದ ಗಂಟಿನ ತುಣುಕಿನಿಂದ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕೈದು ಭಾಗದಷ್ಟು ತೆಳುವಾದ ಹಾಳೆಯನ್ನು ಸೀಳುತ್ತಾರೆ. ಒಂದೊಂದು ಬಗೆಯ ಕೋಶಕ್ಕೆ ಮಾತ್ರ ಅಂಟುವ ಪ್ರತಿಕಾಯಗಳಿಗೆ ಬೇರೆಬೇರೆ ಹೊಳಪಿನ ಬಣ್ಣಗಳನ್ನೋ, ವಿರಳ ಲೋಹಗಳ ಪರಮಾಣುಗಳನ್ನೋ ಕಟ್ಟಿ ಹಾಳೆಯ ಮೇಲೆ ಹರಿಸುತ್ತಾರೆ; ಲೋಹದ ಉಪಾಯದಿಂದ ಒಂದೇ ಹಾಳೆಯಲ್ಲಿ ನಲವತ್ತರವರೆಗೆ ಗುರುತುಗಳನ್ನು ಓದಬಹುದು. ಯಾವ ಜೀನು ಎಲ್ಲಿ ಎಚ್ಚತ್ತಿದೆ ಎಂಬುದನ್ನು ಸ್ಥಳಸಹಿತ ಓದುವ ತಂತ್ರಗಳೂ ಬಂದಿವೆ. ನೇಚರ್ ಮೆಥಡ್ಸ್ ಪತ್ರಿಕೆಯು ಅವನ್ನು 2020ರ ವರ್ಷದ ವಿಧಾನವೆಂದು ಆರಿಸಿತು. ಕೊನೆಗೆ ಗಣಕಯಂತ್ರವು ಪ್ರತಿಯೊಂದು ಕೋಶದ ಜಾತಿ, ನೆಲೆ, ನೆರೆಹೊರೆಗಳನ್ನು ಪಟ್ಟಿಮಾಡುತ್ತದೆ. ನಾಳದ ಅರ್ಬುದದಲ್ಲಿ ಇಲ್ಲೊಂದು ವಿಶೇಷ ತೊಡಕು: ಉಳಿದ ಗಂಟುಗಳಲ್ಲಿ ನಾಳವು ನಾಳ, ಅರ್ಬುದವು ಅರ್ಬುದ, ಇಲ್ಲಿ ಅಂಚಿನ ಸ್ವಸ್ಥ ನಾಳ ಯಾವುದು, ನಾಳದ ವೇಷದ ಅರ್ಬುದ ಯಾವುದು ಎಂಬುದನ್ನು ಬೇರ್ಪಡಿಸದೆ, ಟಿ-ಕಣವು ಒಳಗೆ ನಿಂತಿದೆಯೋ ಹೊರಗೆ ನಿಂತಿದೆಯೋ, ಇಳಿದಿದೆಯೋ ಬರಿದೆ ಹರಿದುಹೋಗುತ್ತಿದೆಯೋ ಎಂದು ಹೇಳುವುದೇ ಸಾಧ್ಯವಿಲ್ಲ.

ಮೃದು ಅಂಗಾಂಶಗಳ 608 ಅರ್ಬುದಗಳನ್ನು ಒಟ್ಟುಗೂಡಿಸಿ ಫ್ರಾನ್ಸಿನಲ್ಲಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಅನಿರೀಕ್ಷಿತವಾದುದನ್ನು ಹೊರಗೆಡಹಿತು. ಟಿ-ಕಣಗಳಷ್ಟೇ ಅಲ್ಲ, ಪ್ರತಿಕಾಯಗಳನ್ನು ತಯಾರಿಸುವ ಬಿ-ಕಣಗಳೂ ಗಂಟಿನೊಳಗೆ ಗುಂಪುಗೂಡಿ, ದುಗ್ಧಗ್ರಂಥಿಯ ಚಿಕ್ಕ ಪ್ರತಿಕೃತಿಯನ್ನೇ ಅಲ್ಲಿ ಕಟ್ಟಿಕೊಂಡಿದ್ದ ರೋಗಿಗಳು ಹೆಚ್ಚುಕಾಲ ಬಾಳಿದರು, ತಡೆ ಸಡಿಲಿಸುವ ಔಷಧಕ್ಕೂ ಚೆನ್ನಾಗಿ ಒಗ್ಗಿದರು. ದೂರದ ಗ್ರಂಥಿಗೆ ಸುದ್ದಿ ಹೋಗದಿದ್ದರೂ ಪಾಠಶಾಲೆಯು ಗಂಟಿನೊಳಗೆಯೇ ತೆರೆದುಕೊಳ್ಳಬಲ್ಲುದು.

ವಿರಳ ರೋಗಕ್ಕೆ ನಕ್ಷೆಗಾರರು ಬೇಕು

ಒಂದು ದವಾಖಾನೆಗೆ ಅನೇಕ ವರ್ಷಗಳಲ್ಲಿ ಒಂದೆರಡು ಬಾರಿ ಬರುವ ರೋಗದ ನಕ್ಷೆಯನ್ನು ಬರೆಯುವುದೆಂತು? ಇದಕ್ಕೆ ಉತ್ತರವನ್ನು ಕಂಡುಕೊಂಡವರು ರೋಗಿಗಳೇ ಎಂಬುದು ನನಗೆ ಈ ಕಥೆಯಲ್ಲೆಲ್ಲ ಅತ್ಯಂತ ಹಿಡಿಸಿದ ಭಾಗ. ಸ್ವತಃ ಆಂಜಿಯೋಸಾರ್ಕೋಮಕ್ಕೆ ಗುರಿಯಾಗಿ ಬದುಕಿದ, ಪ್ರತಿರಕ್ಷಾಶಾಸ್ತ್ರವನ್ನೇ ಅಭ್ಯಾಸಮಾಡಿದ್ದ ಕೋರಿ ಪೇಂಟರ್ ಎಂಬ ವಿಜ್ಞಾನಿಯು ಅಮೆರಿಕದ ಬ್ರಾಡ್ ಸಂಸ್ಥೆಯಲ್ಲಿ 2017ರಲ್ಲಿ ಆರಂಭಿಸಿದ ಯೋಜನೆಗೆ, ಅಮೆರಿಕ ಕೆನಡಗಳಲ್ಲಿ ಚದುರಿಹೋಗಿದ್ದ 338 ರೋಗಿಗಳು ಹದಿನೆಂಟೇ ತಿಂಗಳುಗಳಲ್ಲಿ ತಾವಾಗಿ ಹೆಸರು ಕೊಟ್ಟು, ತಮ್ಮ ಗಂಟಿನ ತುಣುಕುಗಳನ್ನೂ ದಾಖಲೆಗಳನ್ನೂ ಒಪ್ಪಿಸಿದರು. 36 ಮಂದಿಯ 47 ಗಂಟುಗಳ ಜೀನುಗಳನ್ನು ಓದಿದಾಗ, ಒಂದೇ ಹೆಸರಿನ ಕೆಳಗೆ ಹಲವು ರೋಗಗಳು ಅಡಗಿದ್ದುದು ಬಯಲಾಯಿತು. ಸ್ತನದಲ್ಲಿ ತಾನಾಗಿ ಹುಟ್ಟಿದವುಗಳ ದೋಷವೇ ಒಂದು ತೆರ. ತಲೆ, ಮುಖ, ಕುತ್ತಿಗೆಗಳವುಗಳಲ್ಲಿ ಸೂರ್ಯನ ಅತಿನೇರಳೆ ಕಿರಣವು ಕೆತ್ತಿದ ದೋಷಗಳು ಹೇರಳ. ದೋಷ ಹೆಚ್ಚಿದಷ್ಟೂ ಕೋಶವು ಪರಕೀಯನಂತೆ ತೋರುವುದರಿಂದ ಟಿ-ಕಣಗಳ ಕಣ್ಣಿಗೆ ಬೀಳುವ ಸಂಭವವೂ ಹೆಚ್ಚು. ಅಂಥ ಇಬ್ಬರು ರೋಗಿಗಳು ತಡೆ ಸಡಿಲಿಸುವ ಔಷಧದಿಂದ ಅಸಾಧಾರಣವಾಗಿ, ದೀರ್ಘಕಾಲ ಚೇತರಿಸಿಕೊಂಡಿದ್ದರು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು ಅಂಥ ಔಷಧಗಳನ್ನು ಕೂಡಿಸಿ 16 ಮಂದಿಗೆ ಕೊಟ್ಟಾಗ ನಾಲ್ವರ ಗಂಟುಗಳು ಕುಗ್ಗಿದವು. ನೆತ್ತಿ ಮುಖಗಳಲ್ಲಿ ರೋಗವಿದ್ದ ಐವರನ್ನಷ್ಟೇ ಲೆಕ್ಕಿಸಿದರೆ ಮೂವರಿಗೆ ಗುಣ ಕಂಡಿತು. ಹದಿನಾರು ಸಣ್ಣ ಸಂಖ್ಯೆ, ಐದು ಇನ್ನೂ ಸಣ್ಣದು. ಅದರ ಮೇಲೆ ಕಟ್ಟಬಹುದಾದ ಆಸೆಯೂ ಅಷ್ಟೇ ಇರಬೇಕು. ಅದಲ್ಲದೆ, ಬಿಸಿಲಿನ ಕಿರಣಕ್ಕೆ ಸುಲಭವಾಗಿ ಸೋಲುವ ಬಿಳಿಯ ತ್ವಚೆಯ ವೃದ್ಧರಲ್ಲಿ ಕಂಡ ಫಲವನ್ನು ಆನೆಕಾಲಿನ ಮೇಲೆ ಹುಟ್ಟಿದ ಗಂಟಿಗೆ ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಅದರ ನಕ್ಷೆಯನ್ನು ಇಲ್ಲಿಯೇ ಬರೆಯಬೇಕು.

ಇಲ್ಲಿಯೇ ಎಂದರೆ ಎಲ್ಲಿ? ಸೇಡಮ್ಮಿನ ರೋಗಿ ಕಲಬುರಗಿಯಲ್ಲಿರುವ ಕಿದ್ವಾಯಿ ಅರ್ಬುದ ಸಂಸ್ಥೆಯ ಶಾಖೆಗೆ ಹೋಗಬಹುದು. ನೇರವಾದ ಗಾಡಿಯುಂಟೆಂದು ಹೈದರಾಬಾದಿನ ಎಂ.ಎನ್.ಜೆ. ಅರ್ಬುದ ಆಸ್ಪತ್ರೆಗೂ ಹೋಗಬಹುದು, ಶಹಾಬಾದದವನು ಮಹಾರಾಷ್ಟ್ರದ ಸೊಲ್ಲಾಪುರ ಬಾರ್ಶಿಗಳ ಆಸ್ಪತ್ರೆಗಳ ಕಡೆಗೆ ಹೊರಡಬಹುದು. ಮೂರು ರಾಜ್ಯಗಳಲ್ಲಿ ಹಂಚಿಹೋದ ತುಣುಕುಗಳನ್ನು ಒಂದೆಡೆ ತರುವ ಏರ್ಪಾಡು ಆಗದೆ ಈ ಸೀಮೆಯ ವಿರಳ ಅರ್ಬುದಗಳ ನಕ್ಷೆ ಆಗದೆಂಬುದು ನನ್ನ ಅಭಿಪ್ರಾಯ. ಮೇಣದ ಅಚ್ಚುಗಳು ದಶಕಗಳವರೆಗೆ ಕೆಡುವುದಿಲ್ಲವಾದ್ದರಿಂದ ತಡವಾಯಿತೆಂದು ಕೈಚೆಲ್ಲಬೇಕಾಗಿಲ್ಲ.

ಆದರೆ ಅಚ್ಚು ಚೆನ್ನಾಗಿರಬೇಕಾದರೆ ಮೊದಲ ತಾಸೇ ಮುಖ್ಯ. ಗಂಟಿನ ತುಣುಕು ಶರೀರದಿಂದ ಬೇರ್ಪಟ್ಟೊಡನೆ ಅದರ ಹತ್ತುಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿರಬೇಕು. ಬರಿಯ ಉಪ್ಪುನೀರಿನ ಶೀಸೆಯಲ್ಲಿ ಚಿಂಚೋಳಿಯಿಂದ ಬಸ್ಸಿನಲ್ಲಿ ಹೊರಟ ತುಣುಕಿನಲ್ಲಿ ಕೋಶಗಳ ನೆಲೆಯೂ ಜೀನುಗಳ ಬರೆಹವೂ ದಾರಿಯಲ್ಲಿಯೇ ಅಳಿಯತೊಡಗುತ್ತವೆ, ಫಾರ್ಮಲಿನ್ನಿನಲ್ಲಿಯೇ ವಾರಗಟ್ಟಲೆ ಬಿದ್ದಿದ್ದರೂ ಆ ಬರೆಹ ಚೂರುಚೂರಾಗುತ್ತದೆ. ಇನ್ನೊಂದು ಸಂಗತಿ: ಶಸ್ತ್ರವೈದ್ಯರು ರೋಗನಿರ್ಣಯಕ್ಕೆಂದು ಗಂಟಿನ ನಡುವಿನಿಂದ ಚಿಕ್ಕ ಚೂರನ್ನು ತೆಗೆದು ಕಳುಹಿಸುವುದು ರೂಢಿ. ಹೆಸರಿಡುವುದಕ್ಕೆ ಅದು ಸಾಲಬಹುದು. ನಕ್ಷೆಗೆ ಸಾಲದು, ಅದಕ್ಕೆ ಗಂಟೂ ಸ್ವಸ್ಥ ಚರ್ಮವೂ ಕೂಡುವ ಅಂಚು ಅದೇ ಚೂರಿನಲ್ಲಿ ಸೇರಿ ಬಂದಿರಬೇಕು.